ಮುಂದಿನ ಅಂದಕ್ಕೆ ಇಷ್ಟು ವಾದ, ಹಿಂದಿನ ಸೀಟಿಗೆ?

ಸಂಪಾದಕರಿಗೆ ನಮಸ್ಕಾರ.

ರಾಯಲ್ ಎನ್‌ಫೀಲ್ಡ್ 2023ರಲ್ಲಿ ತಂದ ಸೂಪರ್ ಮೀಟಿಯೋರ್ 650 ಎಂಬ ಕ್ರೂಸರ್ ಬೈಕು (ತಗ್ಗು ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಥರದ್ದು) ನೋಡೋಕೆ ಚೆನ್ನಾಗಿದೆಯೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. 2022ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ಮೇಳದಲ್ಲಿ ಗಾಡಿ ತೋರಿಸಿದಾಗ ಶುರುವಾದದ್ದು. 2023ರ ಜನವರಿಯಲ್ಲಿ ಬೆಲೆ ಹೇಳಿದ ಮೇಲೆ ಇನ್ನೂ ಜಾಸ್ತಿಯಾಯಿತು. ಎಲ್ಲರೂ ಹೇಳಿದ ಮೇಲೆ ನನ್ನದೂ ಒಂದು ಮಾತು ಇರಲಿ. ನಾನು ಈ ಗಾಡಿ ಓಡಿಸುವವಳಲ್ಲ, ಸೀಟ್ ಹೊಲಿಯುವವಳು.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕುಶನ್ ಅಂಗಡಿ ಇದೆ. ಫೋಮ್ ಕತ್ತರಿಸೋದು, ಬೇಸ್‌ಗೆ ಪಿನ್ ಹೊಡೆಯೋದು ನಮ್ಮ ಯಜಮಾನರ ಕೆಲಸ. ರೆಕ್ಸಿನ್ ಹೊಲಿಗೆ ನನ್ನದು. ಮದುವೆಯಾಗಿ ಬಂದಾಗ ಬ್ಲೌಸ್ ಹೊಲಿಯುತ್ತಿದ್ದೆ. ಆಮೇಲೆ ದಪ್ಪ ಸೂಜಿಯ ಮಷೀನಿಗೆ ಬಂದೆ. ಬುಲೆಟ್, ಥಂಡರ್‌ಬರ್ಡ್, ಅವೆಂಜರ್, ಯಾವ ಗಾಡಿ ಬಂದರೂ ಅದರ ಅರ್ಧ ನಾನು ನೋಡೋದೇ ಇಲ್ಲ. ಸೀಟು ಬಿಚ್ಚಿ ಒಳಗೆ ತಂದುಕೊಡುತ್ತಾರೆ. ಅದನ್ನು ಬೆಂಚಿನ ಮೇಲೆ ತಲೆಕೆಳಗು ಮಾಡಿ ಇಟ್ಟುಕೊಂಡೇ ನನಗೆ ಗಾಡಿಯ ಪರಿಚಯ.

ಭಾನುವಾರ ಬೆಳಿಗ್ಗೆ ಹೈವೇಯಲ್ಲಿ ಚಿತ್ರದುರ್ಗದ ಕಡೆ ಹೋಗಿಬರುವ ಹುಡುಗರ ಗುಂಪೊಂದಿದೆ. ವಾಪಸು ಬರುವಾಗ ನಮ್ಮ ಅಂಗಡಿ ಪಕ್ಕದಲ್ಲೇ ಟೀ ಕುಡಿಯುತ್ತಾರೆ. ನಾನು ಕೇಳಿದ ಪರ-ವಿರೋಧವೆಲ್ಲ ಅಲ್ಲಿಯದೇ. ಹೆಡ್‌ಲೈಟ್ ಬಗ್ಗೆಯೇ ಒಂದು ಗಂಟೆ ಮಾತಾಡಿದ್ದನ್ನು ಕೇಳಿದ್ದೇನೆ. ಈ ಕಂಪನಿ ಎಲ್‌ಇಡಿ ಹೆಡ್‌ಲೈಟ್ ಕೊಟ್ಟಿರೋದು ಇದೇ ಮೊದಲಂತೆ. ಒಬ್ಬನಿಗೆ ಅದು ಮುಖಕ್ಕೆ ಕಳೆ ಕೊಟ್ಟಿದೆ. ಇನ್ನೊಬ್ಬನಿಗೆ ಹಳೇ ಹಳದಿ ಬೆಳಕೇ ಬುಲೆಟ್‌ಗೆ ಲಕ್ಷಣ. ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ, ತಲೆಕೆಳಗು ಮಾಡಿ ದಪ್ಪ ಕೊಟ್ಟಿರೋದು ಕೆಲವರಿಗೆ ಬಲು ಇಷ್ಟ. ಗುಂಡನೆಯ ಹಿಂದಿನ ಇಂಡಿಕೇಟರ್ ಮಾತ್ರ ಯಾರಿಗೂ ಹಿಡಿಸಿಲ್ಲ. "ಇಷ್ಟು ದುಡ್ಡು ತಗೊಂಡು ಅಜ್ಜನ ಕಾಲದ ಇಂಡಿಕೇಟರ್ ಕೊಟ್ಟಿದಾರೆ ನೋಡಕ್ಕಾ" ಎಂದು ಒಬ್ಬ ನನ್ನ ಹತ್ತಿರವೇ ದೂರು ಹೇಳಿದ, ನಾನೇ ಕೊಟ್ಟ ಹಾಗೆ.

ಚಕ್ರದ ಜಗಳ ಬೇರೆ. ಕ್ರೂಸರ್ ಅಂದಮೇಲೆ ಕಡ್ಡಿ ಚಕ್ರ ಇರಬೇಕು, ಅಲಾಯ್ ಹಾಕಿ ಕೆಡಿಸಿದ್ದಾರೆ ಎಂದು ಒಂದು ಪಂಗಡ. ರಾತ್ರಿ ಹೈವೇಯಲ್ಲಿ ಪಂಕ್ಚರ್ ಆದರೆ ಟ್ಯೂಬ್‌ಲೆಸ್ ಟೈರಿನ ಬೆಲೆ ಗೊತ್ತಾಗುತ್ತೆ ಎಂದು ಇನ್ನೊಂದು. ಇದರಲ್ಲಿ ನಾನು ಎರಡನೆಯವರ ಕಡೆ.

ನಮ್ಮಲ್ಲಿಗೆ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಹಳೇ ಬುಲೆಟ್ ಇಟ್ಟುಕೊಂಡವರು. ಅವರ ದೂರು ಒಂದೇ. "ಕಪ್ಪು ಬಳಿದದ್ದು ಜಾಸ್ತಿಯಾಯ್ತಮ್ಮ, ಎಂಜಿನ್ ಅಂದರೆ ಮಿರಮಿರ ಮಿಂಚಬೇಕು." ಹುಡುಗರಿಗೆ ಆ ಕಪ್ಪೇ ಬೇಕು. ವಯಸ್ಸು ನಲವತ್ತು ದಾಟಿದವರಿಗೆ ಕ್ರೋಮ್, ಒಳಗಿನವರಿಗೆ ಕಪ್ಪು. ಇದು ನಾನು ರೆಕ್ಸಿನ್ ಬಣ್ಣ ಆರಿಸುವಾಗಲೂ ಕಂಡ ವ್ಯತ್ಯಾಸ. ಈಗ ಎಲ್ಲರೂ ಕೇಳೋದು ಚೌಕ ಚೌಕ ಹೊಲಿಗೆಯ ಕಂದು ಬಣ್ಣದ ಸೀಟು. ಎರಡು ಮಳೆಗಾಲಕ್ಕೆ ಆ ಹೊಲಿಗೆಯ ತೂತುಗಳಲ್ಲಿ ನೀರು ಇಳಿದು ಫೋಮ್ ನೆನೆಯುತ್ತೆ. ಹೇಳಿದರೆ ಯಾರೂ ಕೇಳುವುದಿಲ್ಲ. ಇರಲಿ, ಅದು ನಮ್ಮ ವ್ಯಾಪಾರ.

ಇಷ್ಟೆಲ್ಲ ಮಾತಿನಲ್ಲಿ ಹಿಂದಿನ ಸೀಟಿನ ಹೆಸರೇ ಬರಲಿಲ್ಲ. ನಾನು ಕಾಯ್ದುಕೊಂಡೇ ಕೂತಿದ್ದೆ. ಬರಲಿಲ್ಲ. ಪತ್ರಿಕೆಗಳಲ್ಲಿ ಓದಿದ್ದರಲ್ಲೂ ಒಂದೆರಡು ಸಾಲು ಇದ್ದರೆ ಹೆಚ್ಚು. ಜಾಹೀರಾತಿನ ಫೋಟೊ ನೋಡಿ. ಖಾಲಿ ರಸ್ತೆ, ಗುಡ್ಡ, ಒಬ್ಬನೇ ಗಂಡಸು. ಗಾಡಿಯನ್ನು ಮುಂದಿನಿಂದ ಓರೆಯಾಗಿ ಹಿಡಿದಿರುತ್ತಾರೆ. ಆ ಕೋನದಲ್ಲಿ ಎಲ್ಲ ಕ್ರೂಸರ್‌ಗಳೂ ಚೆಂದವೇ.

ಈ ತಿಂಗಳು ಹರಿಹರದ ಕಡೆಯವರೊಬ್ಬರು ಹೊಸ ಗಾಡಿಯನ್ನೇ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಸೀಟಿಗೆ ಮೇಲೊಂದು ಕವರ್ ಬೇಕಿತ್ತು. ನನಗೂ ಹತ್ತಿ ಕೂತು ನೋಡು ಎಂದರು. ನನ್ನ ಎತ್ತರ ಐದಡಿ ಚಿಲ್ಲರೆ. ಓಡಿಸುವವರ ಸೀಟಿನ ಎತ್ತರ 740 ಮಿಲಿಮೀಟರ್. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ಅಷ್ಟು ದೊಡ್ಡ ಗಾಡಿಯ ಮೇಲೆ ನನ್ನಂಥವಳ ಕಾಲು ನೆಲ ಮುಟ್ಟುತ್ತೆ ಅಂದರೆ ಖುಷಿಯಾಗುತ್ತೆ ಅಲ್ವಾ? 241 ಕಿಲೋ ತೂಕ, ಸ್ಟ್ಯಾಂಡ್ ತೆಗೆಯೋಕೆ ಮಾತ್ರ ನಮ್ಮ ಯಜಮಾನರು ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಗಾಡಿ ಇಷ್ಟವಾಯಿತು. ಟ್ಯಾಂಕ್ ಮುಂದೆ ಎತ್ತರವಾಗಿ ಶುರುವಾಗಿ ಸೀಟಿನ ಹತ್ತಿರ ಇಳಿಯುತ್ತೆ. ಅಲ್ಲಿಂದ ಆ ಗೆರೆ ಹಿಂದಿನ ದಪ್ಪ ಟೈರಿನ ಮಡ್‌ಗಾರ್ಡ್ ತನಕ ಎಲ್ಲೂ ಕಡಿಯುವುದಿಲ್ಲ. ಹೊಲಿಗೆ ಗೊತ್ತಿದ್ದವರಿಗೆ ಆ ಗೆರೆ ಎಳೆಯೋದು ಎಷ್ಟು ಕಷ್ಟ ಅಂತ ಗೊತ್ತು.

ಆ ಗೆರೆ ಹಾಗೆ ಬರಬೇಕಾದರೆ ಏನೇನು ಬಿಟ್ಟುಕೊಡಬೇಕು ಅನ್ನೋದನ್ನೂ ಮಾತಾಡಬೇಕು. ಸೀಟು ತಗ್ಗಬೇಕಾದರೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಜಾಗ ಕಡಿಮೆಯಾಗುತ್ತೆ. ಈ ಗಾಡಿಯಲ್ಲಿ ಅದು 101 ಮಿಲಿಮೀಟರ್, ಅಂದರೆ ನಾಲ್ಕು ಇಂಚು. ಗಾಡಿಯ ಹೊಟ್ಟೆಗೂ ನೆಲಕ್ಕೂ 135 ಮಿಲಿಮೀಟರ್ ಅಂತರ. ಇದೇ ಕಂಪನಿಯ ಮೀಟಿಯೋರ್ 350ಗೆ 170 ಇದೆ. ಆಟಕ್ಕೆ ಜಾಗ ಕಡಿಮೆ ಇರುವಾಗ ಸ್ಪ್ರಿಂಗ್ ಸ್ವಲ್ಪ ಬಿಗಿ ಇಡಲೇಬೇಕು, ಇಲ್ಲದಿದ್ದರೆ ಇಬ್ಬರು ಕೂತು ಹಂಪ್ ಹತ್ತಿಸಿದಾಗ ತಳ ಬಡಿಯುತ್ತೆ. ಕಾಲು ಮುಂದೆ ಚಾಚಿ ಕೂತವರಿಗೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಏಳೋಕೆ ಆಗುವುದಿಲ್ಲ. ಆದರೂ ಓಡಿಸುವವರು ಹಂಪನ್ನು ನೋಡಿರುತ್ತಾರೆ, ಕೈಯಲ್ಲಿ ಹ್ಯಾಂಡಲ್ ಇರುತ್ತೆ. ಹಿಂದೆ ಕೂತವರು ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುತ್ತಾರೆ. ಹೊಡೆತ ನೇರವಾಗಿ ಬರೋದು ಅಲ್ಲಿಗೆ. ಬಂದದ್ದು ಬೆನ್ನಿಗೆ ಬಿದ್ದ ಮೇಲೆಯೇ ಗೊತ್ತಾಗೋದು. ಇದು ಒಂದು ಕಂಪನಿಯ ದೋಷ ಅಂತ ನಾನು ಹೇಳುತ್ತಿಲ್ಲ. ಕ್ರೂಸರ್ ಎಂಬ ಆಕಾರವೇ ಹಾಗೆ. ಅದರ ಚೆಲುವಿಗೆ ಬೆಲೆ ಕೊಡುವವರು ಹಿಂದೆ ಕೂತಿರುತ್ತಾರೆ.

ಸ್ವಂತ ಅನುಭವವೂ ಇದೆ. ನಮ್ಮ ಮೈದುನ ಕೆಲವು ವರ್ಷ ಒಂದು ಕ್ರೂಸರ್ ಇಟ್ಟುಕೊಂಡಿದ್ದ, ಯಾವ ಕಂಪನಿಯದು ಅಂತ ಬೇಡ. ಅದರಲ್ಲಿ ಸೂಳೆಕೆರೆ ತನಕ ಹೋಗಿಬಂದೆ. ಹಿಂದಿನ ಸೀಟು ಮುಂದಕ್ಕೆ ಜಾರು. ಬ್ರೇಕ್ ಹಾಕಿದಾಗೆಲ್ಲ ಅವನ ಬೆನ್ನಿಗೆ ನನ್ನ ಹಣೆ. ವ್ಯಾನಿಟಿ ಬ್ಯಾಗ್ ಮಧ್ಯೆ ಇಟ್ಟುಕೊಂಡು ಬಂದೆ. ಮನೆಗೆ ಬಂದವಳೇ ಆ ಸೀಟು ಬಿಚ್ಚಿಸಿ ಮುಂದಿನ ಅಂಚಿಗೆ ಗಟ್ಟಿ ಫೋಮ್ ಒಂದು ಇಂಚು ಏರಿಸಿದೆ. "ಅತ್ತಿಗೆ, ಲುಕ್ ಹೋಯ್ತಲ್ಲ" ಅಂದ. ಅವನ ಹೆಂಡತಿ ಏನೂ ಅನ್ನಲಿಲ್ಲ, ಮಾರನೇ ದಿನ ನನಗೊಂದು ಡಬ್ಬಿ ರವೆ ಉಂಡೆ ತಂದುಕೊಟ್ಟಳು.

ಇನ್ನು ಸಾರಿ ಗಾರ್ಡ್. ಹೊಸ ಗಾಡಿ ತಂದ ಹುಡುಗರು ಮೊದಲು ಬಿಚ್ಚಿಸೋದು ಅದನ್ನೇ, ಆಮೇಲೆ ಹಿಂದಿನವರು ಹಿಡಿದುಕೊಳ್ಳುವ ಕಂಬಿ. ನಮ್ಮ ಅಂಗಡಿಯ ಹಿಂದೆ ಅವುಗಳ ಒಂದು ರಾಶಿಯೇ ಇದೆ. ಗುಜರಿಯವನಿಗೆ ಹಾಕೋಕೆ ಮನಸ್ಸಾಗದೆ ಇಟ್ಟಿದ್ದೇವೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಏನು ಹೇಳುತ್ತೆ? ಹಿಂದೆ ಕೂತವರಿಗೆ ಹಿಡಿಯೋಕೆ ಹಿಡಿ ಇರಬೇಕು, ಕಾಲಿಡೋಕೆ ಫುಟ್‌ರೆಸ್ಟ್ ಇರಬೇಕು. ಬಟ್ಟೆ ಸಿಕ್ಕಿಹಾಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚಿರಬೇಕು. ಅಂದ ಕೆಡಿಸುತ್ತೆ ಎಂದು ಅವರು ಕಳಚುವುದು ಇದನ್ನೇ. ಚೂಡಿದಾರದ ವೇಲ್ ಚಕ್ರಕ್ಕೆ ಸಿಕ್ಕಿ ಬಿದ್ದವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿಲ್ಲ? ಕಂಪನಿಗಳನ್ನೂ ಒಂದು ಮಾತು ಕೇಳಬೇಕು. ಸಾವಿರಾರು ಜನ ಎಂಜಿನಿಯರುಗಳಿದ್ದಾರೆ. ಹೆಡ್‌ಲೈಟ್ ಉಂಗುರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವವರು ಸಾರಿ ಗಾರ್ಡ್ ಅನ್ನು ಮಾತ್ರ ಕಿಟಕಿ ಸರಳಿನ ಹಾಗೆ ಕೊನೆಗೆ ತಗುಲಿಸಿದಂತೆ ಯಾಕೆ ಮಾಡುತ್ತಾರೆ? ಮೊದಲಿಂದಲೇ ಗಾಡಿಯ ಆಕಾರದೊಳಗೆ ಸೇರಿಸಿ ಬರೆದರೆ ಬಿಚ್ಚುವ ಮನಸ್ಸು ಯಾರಿಗೆ ಬರುತ್ತೆ?

ಹಿಂಭಾಗದ ಜಗಳ ಅಮೆರಿಕದವರಿಗೂ ಹಳೆಯದು. ಹಾರ್ಲೆ-ಡೇವಿಡ್ಸನ್ 1971ರಲ್ಲಿ ಸೂಪರ್ ಗ್ಲೈಡ್ ತಂದಿತು. ವಿಲ್ಲಿ ಜಿ. ಡೇವಿಡ್ಸನ್ ಅವರ ಕೈಯ ವಿನ್ಯಾಸ. ದೊಡ್ಡ ಗಾಡಿಯ ಚೌಕಟ್ಟಿಗೆ ಸಣ್ಣ ಗಾಡಿಯ ತೆಳ್ಳನೆಯ ಮುಂಭಾಗ ಹಾಕಿದರು. ಹಿಂದಕ್ಕೆ ಫೈಬರಿನಲ್ಲಿ ದೋಣಿಯ ಬಾಲದಂಥ ಸೀಟು ಕೂರಿಸಿದರು. ಮುಂಭಾಗ ಜನಕ್ಕೆ ಇಷ್ಟವಾಯಿತು, ಬಾಲ ಆಗಲಿಲ್ಲ. ಮುಂದಿನ ವರ್ಷವೇ ಮಾಮೂಲಿ ಸೀಟು, ಮಾಮೂಲಿ ಮಡ್‌ಗಾರ್ಡ್ ಬಂದವು. ಅದೇ ಕಂಪನಿ 1984ರಲ್ಲಿ ಸಾಫ್‌ಟೇಲ್ ಮಾಡಿತು. ಹಳೇ ಕಾಲದಲ್ಲಿ ಹಿಂದೆ ಸ್ಪ್ರಿಂಗೇ ಇಲ್ಲದ ಗಾಡಿಗಳ ಆಕಾರ ಜನಕ್ಕೆ ಬೇಕು, ಆದರೆ ಬೆನ್ನು ಮುರಿಯಬಾರದು. ಅದಕ್ಕೆ ಶಾಕ್ ಅಬ್ಸಾರ್ಬರ್‌ಗಳನ್ನು ಗಾಡಿಯ ಕೆಳಗೆ ಮಲಗಿಸಿ ಅಡಗಿಸಿಟ್ಟರು. ನೋಡೋಕೆ ಹಳೇದು, ಕೂರೋಕೆ ಹೊಸದು. ಇದನ್ನು ಮಗ ಹೇಳಿದಾಗ ನನಗೆ ಬಹಳ ಹಿಡಿಸಿತು. ಅಂದ ಬೇಕಾದರೆ ಹಿಂದಿನವರು ಸಹಿಸಿಕೊಳ್ಳಲೇಬೇಕು ಅನ್ನೋ ಮಾತು ನಿಜವಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ನಮ್ಮಲ್ಲೂ ನೋಡಿ, ಜಾವಾ ಪೆರಾಕ್ ಎಂಬ ಬೈಕು 2019ರಲ್ಲಿ ಬಂತು. ಅದಕ್ಕೆ ಒಂದೇ ಸೀಟು. ಗಾಳಿಯಲ್ಲಿ ತೇಲಿದ ಹಾಗೆ ನಿಂತಿರುತ್ತೆ. ಅದನ್ನು ನೋಡಿ ಬಹಳ ಜನ ನಕ್ಕರು, ನಮ್ಮ ದೇಶದಲ್ಲಿ ಒಬ್ಬರೇ ಕೂರೋ ಗಾಡಿ ಯಾರು ತಗೋತಾರೆ ಎಂದು. ನನಗೆ ಅದರ ಮೇಲೆ ಬೇಸರವಿಲ್ಲ. ಒಬ್ಬರಿಗೆ ಮಾತ್ರ ಎಂದು ನೇರವಾಗಿ ಹೇಳಿದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ 1996ರ ತನಕ ಬಂದ ಹಳೇ ಜಾವಾ, ಯೆಜ್ಡಿಗಳ ಸೀಟು ನೋಡಿದವರಿಗೆ ಗೊತ್ತು. ಉದ್ದಕ್ಕೆ ಸಮನಾಗಿ ಬೆಂಚಿನ ಥರ ಇರುತ್ತಿತ್ತು. ಗಂಡ, ಹೆಂಡತಿ, ನಡುವೆ ಮಗು. ಈಗಲೂ ಒಂದೊಂದು ನಮ್ಮಲ್ಲಿಗೆ ಬರುತ್ತೆ, ಹೊಲಿಯೋಕೆ ಅದರಷ್ಟು ಸುಲಭದ್ದು ಇಲ್ಲ. ನನಗೆ ತಕರಾರು ಇರೋದು ಇವೆರಡರ ಮಧ್ಯೆ ಇರುವ ಗಾಡಿಗಳ ಬಗ್ಗೆ. ಇಬ್ಬರಿಗೆ ಅಂತ ಹೇಳಿ ಮಾರುತ್ತಾರೆ, ಎರಡನೆಯವರಿಗೆ ಒಂದು ತುಂಡು ಕುಶನ್ ಇಡುತ್ತಾರೆ.

ಸೂಪರ್ ಮೀಟಿಯೋರ್‌ನಲ್ಲೇ ನೋಡಿ. 2023ರಲ್ಲಿ ಬಂದಾಗ ಮೊದಲ ಮಾದರಿ ಆಸ್ಟ್ರಲ್‌ಗೆ ಶೋರೂಮ್ ಬೆಲೆ 3.49 ಲಕ್ಷ ರೂಪಾಯಿ ಇತ್ತು. ಅಗಲ ಸೀಟು, ಹಿಂದಿನವರಿಗೆ ಬ್ಯಾಕ್‌ರೆಸ್ಟ್, ಮುಂದೆ ಗಾಳಿಗೆ ಗಾಜು ಬೇಕು ಅಂದರೆ ಸೆಲೆಸ್ಟಿಯಲ್ ಮಾದರಿ ತಗೋಬೇಕಿತ್ತು, ಆಗ ಅದಕ್ಕೆ 3.79 ಲಕ್ಷ. ಮೂವತ್ತು ಸಾವಿರ ಜಾಸ್ತಿ. ಆ ಮೂವತ್ತು ಸಾವಿರ ಕೊಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ಮುಂದಿನ ಸೀಟಿನವರು. "ಬ್ಯಾಕ್‌ರೆಸ್ಟ್ ಹಾಕಿದರೆ ಆಂಟಿ ಗಾಡಿ ಥರ ಕಾಣುತ್ತೆ" ಎಂದು ಟೀ ಅಂಗಡಿಯಲ್ಲಿ ಒಬ್ಬ ಅಂದ. ಆಂಟಿ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವೆಂಜರ್ ಎಷ್ಟೋ ವರ್ಷ ಬ್ಯಾಕ್‌ರೆಸ್ಟ್ ಜೊತೆಗೇ ಬಂತು, ಅದನ್ನು ತಗೊಂಡು ಯಾರೂ ಮಾನ ಕಳಕೊಂಡಿದ್ದು ನಾನು ನೋಡಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಹೊಸ ಗಾಡಿ ಬಂದಾಗೆಲ್ಲ ಓಡಿಸಿ ನೋಡಿ ಬರೆಯುತ್ತೀರಿ. ನಾನು ತಪ್ಪದೆ ಓದುತ್ತೇನೆ. ಪಿಕಪ್, ಮೈಲೇಜ್, ಬ್ರೇಕ್, ಬಣ್ಣ ಎಲ್ಲ ಇರುತ್ತೆ. ಅದರ ಜೊತೆ ಹಿಂದೆ ಕೂತವರಿಂದಲೂ ಒಂದು ಪ್ಯಾರಾ ಬರೆಸಿ. ಅವರ ಎತ್ತರ ಎಷ್ಟು, ಎಷ್ಟು ಹೊತ್ತು ಕೂತಿದ್ದರು, ಹಂಪ್ ಬಂದಾಗ ಏನಾಯಿತು, ಕೈ ಎಲ್ಲಿ ಹಿಡಿದರು, ಒಂದೇ ಕಡೆ ಕಾಲು ಹಾಕಿ ಕೂರೋಕೆ ಆಯಿತೋ ಇಲ್ಲವೋ, ಇಷ್ಟಿದ್ದರೆ ಸಾಕು. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ ಮೆತ್ತಗಿದೆ ಎಂದು ಬರೆಯಬೇಡಿ. ಮೆತ್ತನೆ ಫೋಮ್ ಒಂದು ಗಂಟೆಗೆ ಕುಸಿದು ಬೇಸ್ ತಾಗುತ್ತೆ. ಕನಿಷ್ಠ ಚಿತ್ರದುರ್ಗದ ತನಕ ಹೋಗಿ ಬನ್ನಿ. ಹಿಂದೆ ಕೂರೋಕೆ ಸೀರೆ ಉಟ್ಟವರೊಬ್ಬರು, ಚೂಡಿದಾರ್ ಹಾಕಿದವರೊಬ್ಬರು ಇದ್ದರೆ ಒಳ್ಳೆಯದು. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು.

ಇಂತಿ,
ನಿಮ್ಮ ಓದುಗಾರ್ತಿ
ದಾವಣಗೆರೆ, ಮಾರ್ಚ್ 2023