ಫ್ಲಶ್ ಟ್ಯಾಂಕ್ ಸೋರಿಕೆ: ಬೇಡದ ರಿಪೇರಿಗೆ ಪಡೆದ ಹಣ ವಾಪಸ್ ಕೋರಿ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ಬುಕ್ ಮಾಡಿ ಕರೆಸಿದ ಪ್ಲಂಬರ್ ಕಳೆದ ತಿಂಗಳು ನಮ್ಮ ಮನೆಯ ಫ್ಲಶ್ ಟ್ಯಾಂಕ್ ರಿಪೇರಿ ಮಾಡಿ, ವಿಸಿಟಿಂಗ್ ಚಾರ್ಜ್ ಸೇರಿ 1,480 ರೂಪಾಯಿ ಪಡೆದು ಹೋದರು. ಸೋರಿಕೆ ನಿಲ್ಲಲಿಲ್ಲ. ಮತ್ತೆ ದೂರು ಕೊಟ್ಟೆ. ಈ ಸಲ ಬಂದವರು ಟ್ಯಾಂಕಿನ ಮುಚ್ಚಳವನ್ನೂ ಎತ್ತದೆ, "ಹಳೇ ಮಾಡೆಲ್ ಮೇಡಂ, ಕಮೋಡ್ ಸಮೇತ ಚೇಂಜ್ ಮಾಡ್ಬೇಕು" ಎಂದು 11,500 ರೂಪಾಯಿಯ ಎಸ್ಟಿಮೇಟ್ ಕಳಿಸಿದರು. ಕೊನೆಗೆ ಕೆಟ್ಟಿದ್ದು ಒಂದು ರಬ್ಬರ್ ವಾಷರ್.

ಟ್ಯಾಂಕಿನ ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಕಾರಣ ಎರಡೇ. ಟ್ಯಾಂಕ್ ತುಂಬಿದಾಗ ಒಳಬರುವ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚದೆ ನೀರು ಮೇಲೇರಿ ಓವರ್‌ಫ್ಲೋ ಪೈಪಿನ ಬಾಯಿಂದ ಇಳಿಯಬೇಕು, ಇಲ್ಲವೇ ತಳದ ವಾಷರ್ ಸವೆದಿರಬೇಕು. ನಿಮ್ಮವರು ಬದಲಾಯಿಸಿದ್ದು ಫ್ಲೋಟ್ ವಾಲ್ವ್. ಆದರೆ ಆಗ ನೀರು ಓವರ್‌ಫ್ಲೋ ಬಾಯಿಗಿಂತ ಎರಡು ಬೆರಳು ಕೆಳಗೇ ನಿಂತಿತ್ತು. ನಾನೇ ಟಾರ್ಚ್ ಹಿಡಿದು ತೋರಿಸಿದೆ. ಚೆನ್ನಾಗಿದ್ದ ಹಳೆಯ ವಾಲ್ವನ್ನು ಬ್ಯಾಗಿಗೆ ಹಾಕಿಕೊಂಡು ಹೋದರು.

ಅವರು ಮಾಡಬೇಕಿದ್ದ ಪರೀಕ್ಷೆಯನ್ನು ಆಮೇಲೆ ನಾನು ಮಾಡಿದೆ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿಗೆ ಹಾಕಿ, ಯಾರೂ ಫ್ಲಶ್ ಮಾಡದಂತೆ ಅರ್ಧ ಗಂಟೆ ಕಾದು ನೋಡಿದರೆ ಕಮೋಡಿನ ನೀರೆಲ್ಲ ಕೇಸರಿ. (ಆ ಬಣ್ಣದ ಡಬ್ಬಿಯನ್ನು ನಮ್ಮತ್ತೆ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.) ರಾತ್ರಿ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿಟ್ಟೆ, ಬೆಳಿಗ್ಗೆಗೆ ಟ್ಯಾಂಕ್ ಬಹುತೇಕ ಖಾಲಿ. ಸೋರಿಕೆ ತಳದಲ್ಲೇ ಎಂಬುದಕ್ಕೆ ಇನ್ನೇನು ಬೇಕು? ನಮ್ಮ ಬೀದಿಯ ಪ್ಲಂಬರ್ ವಾಷರ್ ಬಿಚ್ಚಿದರೆ, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಅದರ ಅಂಚು ಒರಟಾಗಿ ಮಡಚಿಕೊಂಡಿತ್ತು. ಹೊಸ ವಾಷರ್‌ಗೆ 80, ಕೂಲಿ 250. ಅಲ್ಲಿಗೆ ಸೋರಿಕೆ ನಿಂತಿತು.

ಇದು ಬರೀ ನನ್ನ ದುಡ್ಡಿನ ಮಾತಲ್ಲ. ನಿಮಿಷಕ್ಕೆ 100 ಮಿಲಿಲೀಟರ್ ಸೋರಿದರೂ ದಿನಕ್ಕೆ 144 ಲೀಟರ್. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ ಒದಗಿಸಬೇಕೆಂದು ಸರ್ಕಾರದ ಮಾನದಂಡ ಹೇಳುವುದೇ 135 ಲೀಟರ್! 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಊರಿದು.

ಬಂದ ಹುಡುಗರನ್ನು ಬೈಯಲು ಮನಸ್ಸಿಲ್ಲ. ಬಿಡಿಭಾಗ ಮಾರಿದಷ್ಟೂ ಇನ್ಸೆಂಟಿವ್ ಎಂದು ಅವರಲ್ಲೊಬ್ಬರೇ ಹೇಳಿದರು. ಹಾಗಿದ್ದ ಮೇಲೆ 80 ರೂಪಾಯಿಯ ವಾಷರ್ ಯಾರ ಕಣ್ಣಿಗೆ ಬೀಳುತ್ತದೆ?

ನನಗೆ 1,480 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಎಸ್ಟಿಮೇಟ್ ರದ್ದಾಗಬೇಕು, ಅದರ ಬಗ್ಗೆ ದಿನಾ ಬರುವ ಫೋನ್ ಕರೆಗಳೂ ನಿಲ್ಲಬೇಕು. ಬಣ್ಣದ ಪರೀಕ್ಷೆ ಮಾಡದೆ ಬಿಡಿಭಾಗ ಬದಲಾಯಿಸಬಾರದು, ತೆಗೆದ ಭಾಗವನ್ನು ಮನೆಯವರ ಕೈಗೇ ಕೊಡಬೇಕು ಎಂದು ನಿಮ್ಮವರಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ನನಗೂ ಕಳಿಸಿ.

ಬಿಲ್, ಎಸ್ಟಿಮೇಟ್, ಬಣ್ಣ ಇಳಿಯುವ ವಿಡಿಯೊ, ಹಳೆಯ ವಾಷರ್‌ನ ಫೋಟೊ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವಾಷರನ್ನು ಎಸೆದಿಲ್ಲ, ಕವರಿನಲ್ಲಿ ಹಾಕಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ