ಬಾಯಿ ಒಣಗುವ ಕಾಯಿಲೆ: ಸುಮೇಧಾಳಿಗೆ ದೊಡ್ಡಪ್ಪನ ಪತ್ರ

ಚಿ. ಸೌ. ಸುಮೇಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ರಕ್ತಪರೀಕ್ಷೆಯ ವರದಿಯನ್ನೂ ತುಟಿಯ ಬಯಾಪ್ಸಿಯ ಚಿತ್ರಗಳನ್ನೂ ನಿಧಾನವಾಗಿ ನೋಡಿದೆ. ಇದು ಶೋಗ್ರೆನ್ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ, ಎಂಬ ನಿನ್ನ ಡಾಕ್ಟರ ತೀರ್ಮಾನ ಸರಿಯಾಗಿದೆ. ಸಂಧಿವಾತದ ನಿನ್ನ ಗೆಳತಿಗೆ ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಇಂಜೆಕ್ಷನ್‌ನಿಂದ ಗುಣವಾಗಿರುವಾಗ ನಿನಗೇಕೆ ಅದನ್ನು ಬರೆದುಕೊಡಲಿಲ್ಲ ಎಂದು ಕೇಳಿದ್ದೀಯೆ.

ಚಿತ್ರದಲ್ಲಿ ಜೊಲ್ಲಿನ ನಾಳಗಳ ಸುತ್ತ ಲಿಂಫೋಸೈಟ್‌ಗಳು (ಟಿ ಕೋಶ, ಬಿ ಕೋಶಗಳೆಂಬ ಬಿಳಿ ರಕ್ತಕಣಗಳು) ಕಡುನೀಲಿ ಚುಕ್ಕಿಗಳಾಗಿ ಗುಂಪುಗಟ್ಟಿವೆ. ಆದರೆ ಸ್ವಲ್ಪವೇ ದೂರದಲ್ಲಿ, ಜೊಲ್ಲು ಸುರಿಸುವ ಜೀವಕೋಶಗಳ ಗೊಂಚಲುಗಳು ಇನ್ನೂ ಹಾಗೆಯೇ ಉಳಿದಿವೆ. ಅವು ಉಳಿದಿದ್ದರೂ ನಿನಗೆ ನೀರಿಲ್ಲದೆ ಚಪಾತಿ ನುಂಗಲಾಗದಿರುವುದಕ್ಕೆ ಒಂದು ಕಾರಣ, ಉರಿಯೂತದ ಸಂದೇಶವಾಹಕಗಳಾದ ಸೈಟೊಕೈನ್‌ಗಳು ನರ ಮತ್ತು ಗ್ರಂಥಿಯ ನಡುವಿನ ಸಂಪರ್ಕವನ್ನೇ ಕೆಡಿಸುವುದು. ಪೈಲೊಕಾರ್ಪಿನ್ ಮಾತ್ರೆ ಉಳಿದ ಈ ಕೋಶಗಳನ್ನೇ ಚೋದಿಸುತ್ತದೆ. ಆದ್ದರಿಂದ ಮಾತ್ರೆಯಿಂದ ಬೆವರು ಹೆಚ್ಚಾಯಿತೆಂದು ಡಾಕ್ಟರನ್ನು ಕೇಳದೆ ಅದನ್ನು ಬಿಟ್ಟುಬಿಡಬೇಡ.

ಈ ಕಾಯಿಲೆಯಲ್ಲಿ ಗ್ರಂಥಿಯ ಕೋಶಗಳು ಸುಮ್ಮನೆ ಪೆಟ್ಟು ತಿನ್ನುವುದಿಲ್ಲ ಎಂಬುದು ನನಗೆ ಇಂದಿಗೂ ಅತ್ಯಂತ ಮುಖ್ಯವಾಗಿ ತೋರುವ ಸಂಗತಿ. ಇಂಟರ್‌ಫೆರಾನ್‌ ಎಂಬ ಸೈಟೊಕೈನ್‌ನ ಪ್ರಭಾವಕ್ಕೆ ಸಿಕ್ಕ ನಾಳದ ಕೋಶಗಳು ತಾವೇ ಸಿಎಕ್ಸ್‌ಸಿಎಲ್10 ಎಂಬ ಅಣುವನ್ನು ಹೊರಬಿಟ್ಟು ಇನ್ನಷ್ಟು ಟಿ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಬ್ಯಾಫ್ ಎಂಬ ಇನ್ನೊಂದನ್ನು ತಯಾರಿಸಿ, ಸಾಯಬೇಕಾಗಿದ್ದ ಬಿ ಕೋಶಗಳನ್ನು ಬದುಕಿಸಿಡುತ್ತವೆ. ನಿನ್ನ ವರದಿಯಲ್ಲಿ ಪಾಸಿಟಿವ್ ಬಂದಿರುವ ಆಂಟಿ-ರೋ, ಅಂದರೆ ಸ್ವಂತ ಕೋಶದ ಪ್ರೋಟೀನಿನ ವಿರುದ್ಧವೇ ಎದ್ದ ಪ್ರತಿಕಾಯಗಳ ಮೂಲ ಇಂಥ ಬಿ ಕೋಶಗಳೇ.

ಟಿಎನ್‌ಎಫ್ ಕೂಡ ಈ ಗ್ರಂಥಿಗಳಲ್ಲಿ ಕಂಡುಬರುತ್ತದೆ ನಿಜ. ಅದನ್ನು ನಂಬಿಯೇ ಫ್ರಾನ್ಸಿನ ವೈದ್ಯರು 103 ರೋಗಿಗಳಲ್ಲಿ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು; ಹುಸಿಮದ್ದು ಪಡೆದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಅದೇ ಬಗೆಯ ಇನ್ನೊಂದು ಔಷಧ ಎಟನರ್ಸೆಪ್ಟ್‌ನದೂ ಅದೇ ಕಥೆಯಾಯಿತು. ಅಷ್ಟೇ ಅಲ್ಲ, ಅದನ್ನು ಪಡೆದವರ ರಕ್ತದಲ್ಲಿ ಇಂಟರ್‌ಫೆರಾನ್ ಚಟುವಟಿಕೆಯೂ ಬ್ಯಾಫ್ ಪ್ರಮಾಣವೂ ಏರಿದ್ದು ಆಮೇಲೆ ಗೊತ್ತಾಯಿತು. ಜಾಗದಲ್ಲಿ ಸಿಕ್ಕ ಅಣುವೆಲ್ಲ ರೋಗವನ್ನು ನಡೆಸುವ ಅಣುವಲ್ಲ, ಮಗಳೇ. ಈಗ ಸಂಶೋಧಕರ ಗಮನ ಬ್ಯಾಫ್‌ನ ದಾರಿಯನ್ನು ತಡೆಯುವ ಔಷಧಗಳ ಕಡೆಗಿದೆ, ಮತ್ತು ನನ್ನ ಭರವಸೆಯೂ ಅಲ್ಲೇ ಇದೆ.

ಮನೆಯವರು ಪ್ರೀತಿಯಿಂದ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಲೇಹ್ಯಗಳನ್ನು ತಂದುಕೊಡಬಹುದು; ನಿನ್ನ ದೇಹದಲ್ಲಿ ಆ ಶಕ್ತಿಗೆ ಕೊರತೆಯಾಗಿಲ್ಲ, ಅದು ದಿಕ್ಕು ತಪ್ಪಿದೆ ಎಂದು ಅವರಿಗೆ ಬಿಡಿಸಿ ಹೇಳು. ಜೊಲ್ಲಿನ ಕಾವಲಿಲ್ಲದ ಹಲ್ಲು ಬೇಗ ಹುಳುಕಾಗುವುದರಿಂದ ಫ್ಲೋರೈಡ್ ಇರುವ ಪೇಸ್ಟನ್ನೇ ಬಳಸು, ದಂತವೈದ್ಯರನ್ನು ತಪ್ಪದೆ ಕಾಣು.

ಇನ್ನೆರಡು ವಿಷಯಗಳನ್ನು ಒತ್ತಿ ಹೇಳುತ್ತೇನೆ. ಬಿ ಕೋಶಗಳು ವರ್ಷಗಟ್ಟಲೆ ಪ್ರಚೋದನೆಯಲ್ಲಿದ್ದರೆ ಕೆಲವರಲ್ಲಿ ಅದು ಲಿಂಫೋಮಾ ಎಂಬ ಕ್ಯಾನ್ಸರಿಗೆ ತಿರುಗುತ್ತದೆ. ಹೆಚ್ಚಿನವರಿಗೆ ಹಾಗಾಗುವುದಿಲ್ಲ, ಆದರೂ ಕಿವಿಯ ಮುಂದಿನ ಊತ ಇಳಿಯದೆ ಗಟ್ಟಿಯಾದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಕಾಯುತ್ತ ಕೂರಬೇಡ. ಮಗುವಿನ ಯೋಚನೆ ಮಾಡುವಾಗ ಆಂಟಿ-ರೋ ವಿಷಯವನ್ನು ಪ್ರಸೂತಿ ವೈದ್ಯರಿಗೆ ಮೊದಲೇ ತಿಳಿಸು, ಏಕೆಂದರೆ ಈ ಪ್ರತಿಕಾಯ ಅಪರೂಪಕ್ಕೆ ಗರ್ಭದಲ್ಲಿನ ಮಗುವಿನ ಹೃದಯದ ಬಡಿತಕ್ಕೆ ತಡೆಯೊಡ್ಡುತ್ತದೆ; ಮುಂಚಿತವಾಗಿ ತಿಳಿದಿದ್ದರೆ ಅವರು ಸ್ಕ್ಯಾನಿಂಗ್ ಮೂಲಕ ಗಮನಿಸುತ್ತಿರಬಲ್ಲರು.

ಮುಂದಿನ ರಕ್ತಪರೀಕ್ಷೆಯಲ್ಲಿ ಸಿ4 ಎಂಬ ರೋಗನಿರೋಧಕ ಪ್ರೋಟೀನಿನ ಪ್ರಮಾಣವನ್ನೂ ನೋಡಬೇಕೇ ಎಂದು ಡಾಕ್ಟರನ್ನು ಕೇಳು. ವರದಿ ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸು.

ಇಂತಿ ನಿನ್ನ ಹಿತ ಬಯಸುವ,
ದೊಡ್ಡಪ್ಪ