ಮಾತ್ರೆ ಕವರ್ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದಲ್ಲಿ ಹಾಲಿನ ವ್ಯಾನ್ ಓಡಿಸುತ್ತೇನೆ. ಅಣ್ಣ ತೀರಿಕೊಂಡ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರು ರಾತ್ರಿಗೆ ಕ್ಲೋನಾಜೆಪಾಮ್ ಎಂಬ ನಿದ್ದೆ ಬರಿಸುವ ಮಾತ್ರೆ ಬರೆದುಕೊಟ್ಟರು. ನಿದ್ದೆ ಬಂತು, ನಿಜ. ಆದರೆ ಎಂಟನೇ ದಿನ ಬೆಳಗಿನ ಜಾವ 4 ಗಂಟೆಗೆ ಸ್ಟೀರಿಂಗ್ ಹಿಡಿದೇ ತೂಕಡಿಸಿದೆ. ವ್ಯಾನ್ ಮೋರಿ ಕಟ್ಟೆಗೆ ಗುದ್ದಿತು. ಜೀವ ಉಳಿಯಿತು, ಹಾಲೆಲ್ಲ ರಸ್ತೆ ಪಾಲಾಯಿತು.

ಫಿಟ್ಸ್ ಇರಬಹುದೇನೋ ಎಂದು ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡಿಸಿದರು. ತಲೆಗೆ ವೈರ್ ಅಂಟಿಸುತ್ತಾ ಟೆಕ್ನಿಷಿಯನ್ ಕೇಳಿದ ಮೊದಲ ಪ್ರಶ್ನೆ, "ಯಾವ ಮಾತ್ರೆ ತಗೊಳ್ತೀರಿ?" ಈ ಗುಂಪಿನ ಮಾತ್ರೆ ತಿನ್ನುವವರಲ್ಲಿ ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ, ಬೀಟಾ ಎಂಬ ಮೆದುಳಿನ ಅಲೆ ಜಾಸ್ತಿ ಕಾಣುತ್ತದಂತೆ. ಅಲೆ ಚುರುಕಾದರೂ ಮನುಷ್ಯ ಮಂಕಾಗಿರುತ್ತಾನೆ. ಈ ಮಾತ್ರೆಯ ಅರ್ಧ ಪಾಲು ಮೈಯಿಂದ ಇಳಿಯಲು ಸುಮಾರು 30-40 ಗಂಟೆ ಬೇಕು. ಅಂದರೆ ಇವತ್ತಿನದು ಇಳಿಯುವ ಮೊದಲೇ ನಾಳೆಯದು ಸೇರುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮಾತ್ರೆ ಕೆಟ್ಟದ್ದು ಅನ್ನುತ್ತಿಲ್ಲ. ನನಗೆ ಅದು ಬೇಕಿತ್ತು. ಹೆದರಿ ಸುಮ್ನೆ ನಿಲ್ಲಿಸುವುದೂ ಅಪಾಯ. ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು ಎಂದು ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಸಿದರು.

ನಾನು ಕೇಳುವುದು ಇಷ್ಟೇ. ಔಷಧಿ ಅಂಗಡಿಯವರು ಕವರ್ ಮೇಲೆ "ತೂಕಡಿಕೆ ಬರಬಹುದು, ಗಾಡಿ ಓಡಿಸಬೇಡಿ, ಮದ್ಯ ಕುಡಿಯಬೇಡಿ" ಎಂದು ಕನ್ನಡದಲ್ಲಿ ಸೀಲ್ ಹಾಕಲಿ. ಚೀಟಿ ಬರೆಯುವಾಗ "ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಒಂದು ಮಾತು ಕೇಳಲಿ. ಡ್ರೈವರ್‌ಗಳು ಮಾತ್ರವಲ್ಲ, ಸಾ ಮಿಲ್ಲಿನವರು, ಸಾರುವೆ ಹತ್ತುವ ಗಾರೆಯವರೂ ಇದೇ ಮಾತ್ರೆ ನುಂಗುತ್ತಾರೆ ಅಲ್ವಾ?

– ಹಾಲಿನ ವ್ಯಾನ್ ಚಾಲಕ, ಮಂಡ್ಯ